ಹಕ್ಕಿ ಕರೆಯುವವರು, ಹಕ್ಕಿ ಓಡಿಸುವವರು

ನಮ್ಮ ಮನೆಯಲ್ಲಿ ಮಿಕ್ಸರಿಗೂ ಒಂದು ಹಾಸಿಗೆ ಇತ್ತು. ಹಳೆಯ ಟವೆಲ್ಲನ್ನು ಮಡಚಿ, ಅದರ ಮೇಲೆ ಯೋಗದ ಚಾಪೆಯಿಂದ ಕತ್ತರಿಸಿದ ಒಂದು ಚೌಕ ಹಾಸಿ, ಅದರ ಮೇಲೆ ಮಿಕ್ಸರನ್ನು ಕೂರಿಸಿ, ಅಮ್ಮ ಎರಡೂ ಅಂಗೈಯಿಂದ ಅದರ ನೆತ್ತಿ ಒತ್ತಿ ಹಿಡಿದು ಶೇಂಗಾ ಹಿಂಡಿ ಮಾಡುತ್ತಿದ್ದಳು. ಜ್ವರದ ಕೂಸನ್ನು ತಟ್ಟಿ ಮಲಗಿಸುವವರ ಮುಖ ಆಗ ಅವಳದು. ಕುಕ್ಕರು ಸೀಟಿ ಹಾಕುವ ಮೊದಲು ಒಂದು ಸಣ್ಣ ಗೊರಕೆ ಹೊಡೆಯುತ್ತದಲ್ಲ, ಅದು ಕೇಳಿಸಿದ ಕೂಡಲೇ ಯಾರು ಹತ್ತಿರ ಇದ್ದರೂ ಓಡಿಹೋಗಿ ಒಲೆ ಸಣ್ಣದು ಮಾಡಬೇಕು. ಒಗ್ಗರಣೆಗೆ ಮೊದಲು ಕಿಟಕಿ ತೆರೆಯಬೇಕು, ಒಗ್ಗರಣೆ ಚಟಪಟ ಅನ್ನುವಾಗ ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ತುರುಕಬೇಕು. ಬೇರೆ ಮನೆಯ ಮಕ್ಕಳು ಮಗ್ಗಿ ಕಲಿಯುವ ವಯಸ್ಸಿಗೆ ನಾನು ಯಾವ ಮೆಟ್ಟಿಲು ಕಿರುಗುಟ್ಟುತ್ತದೆ, ಯಾವ ಹಲಗೆಯ ಮೇಲೆ ಕಾಲಿಡಬಾರದು ಎಂಬುದನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅಪ್ಪ ಅಮ್ಮ ಜಗಳವಾಡುತ್ತಿದ್ದುದೂ ಪಿಸುದನಿಯಲ್ಲೇ. ಬಾಗಿಲ ಹೊರಗೆ ನಿಂತವರಿಗೆ ಇಬ್ಬರೂ ಸೇರಿ ಪೂಜೆ ಮಾಡುತ್ತಿದ್ದಾರೇನೋ ಅನ್ನಿಸಬೇಕು, ಹಾಗೆ.

ಜರ್ಮನಿಯ ಹ್ಯಾನೋವರಿನಲ್ಲಿ ರೈಲು ಹತ್ತಿ, ಕಿಟಕಿಯಾಚೆ ಫ್ಯಾಕ್ಟರಿಗಳು ಮುಗಿದು ಹೊಲಗಳು ಶುರುವಾದ ಮೇಲೆ ಬರುವ ಹಳ್ಳಿ ಅದು. ಕೆಂಪು ಇಟ್ಟಿಗೆಯ ಒಕ್ಕಲುಮನೆ. ಕೆಳಗೆ ಮಾಲಕರು, ಮೇಲೆ ನಾವು. ಅಪ್ಪ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಇಂಜಿನಿಯರ್. ಹ್ಯಾನೋವರಿನೊಳಗೆ ಬಾಡಿಗೆ ಮನೆ ಹುಡುಕಿ ಅವನು ಸೋತಿದ್ದ. ಫೋನಿನಲ್ಲಿ ಹೆಸರು ಹೇಳುವವರೆಗೂ ಖಾಲಿ ಇದ್ದ ಮನೆ ಹೆಸರು ಹೇಳಿದೊಡನೆ ಭರ್ತಿಯಾಗುತ್ತಿತ್ತು ಎಂದು ಅವನೇ ನಗುತ್ತ ಹೇಳುತ್ತಿದ್ದ. ಕೊನೆಗೆ ಈ ರೈತರು, ಹೆರ್ ಬ್ರಾಂಡೆಸ್, ಅಂದರೆ ಬ್ರಾಂಡೆಸ್ ಸಾಹೇಬರು, ನಮ್ಮನ್ನು ಮೇಲಿಂದ ಕೆಳಗಿನವರೆಗೆ ನೋಡಿ, ‘ಒಂದು ವರ್ಷ ಇರಿ, ಆಮೇಲೆ ನೋಡೋಣ’ ಅಂದರು. ಆ ‘ಆಮೇಲೆ ನೋಡೋಣ’ ನಮ್ಮ ಮನೆಯೊಳಗೆ ನಾಲ್ಕನೆಯ ಮನುಷ್ಯನ ಹಾಗೆ ಬಂದು ವಾಸವಾಯಿತು. ಊಟಕ್ಕೆ ಕೂತರೆ ಅದೂ ಕೂರುತ್ತಿತ್ತು. ಮಾಡಿನ ಇಳಿಜಾರಿನ ಕೆಳಗೆ ನನಗೊಂದು ಕೋಣೆ ಸಿಕ್ಕಿತ್ತು, ಮಲಗಿದರೆ ಹೊಲ ಕಾಣುವಂಥದು. ಅದು ಕೈತಪ್ಪಿ ಹೋಗದಿರಲಿ ಅಂತ ನಾನು ಶಾಲೆಯಲ್ಲೂ ಪಿಸುಮಾತಿಗಿಂತ ಮೇಲೆ ದನಿ ಏರಿಸುತ್ತಿರಲಿಲ್ಲ. ಅಲ್ಲಿಯ ಟೀಚರು ಅಪ್ಪನಿಗೆ ಹೇಳಿದ್ದರು: ‘ಗೌರಿಗೆ ಎಲ್ಲಾ ಗೊತ್ತು. ಆದರೆ ಅವಳಿಗೆ ಗೊತ್ತು ಅನ್ನೋದು ನಮಗೆ ಗೊತ್ತಾಗೋದೇ ಇಲ್ಲ.’

ಆ ವರ್ಷ ಮುಗಿಯುವ ಹೊತ್ತಿಗೆ, ಸೆಪ್ಟೆಂಬರಿನ ಕೊನೆಗೆ, ಆಯಿ ಬಂದಳು. ಆಯಿ ಅಂದರೆ ಅಪ್ಪನ ತಾಯಿ. ವಿಜಯಪುರದ ಕಡೆಯ ಎರೆಭೂಮಿಯ ಹೆಣ್ಣುಮಗಳು. ಮೂರು ತಿಂಗಳ ವೀಸಾ, ಎರಡು ಸೂಟ್‌ಕೇಸು, ಅದರಲ್ಲಿ ಒಂದರ ತುಂಬ ಜೋಳದ ಹಿಟ್ಟು, ಜೊತೆಗೊಂದು ದನಿ. ಆ ದನಿಯನ್ನು ಯಾವ ವಿಮಾನದವರೂ ತೂಕ ಹಾಕಿರಲಿಲ್ಲ. ಹೊಲದ ಈ ಬದುವಿನಿಂದ ಆ ಬದುವಿನವರನ್ನು ಊಟಕ್ಕೆ ಕರೆದು ಬೆಳೆದ ದನಿ ಅದು; ಅಡುಗೆಮನೆಯಿಂದ ನಡುಮನೆಗೆ ಮಾತಾಡಲು ಅದಕ್ಕೆ ಬರುತ್ತಲೇ ಇರಲಿಲ್ಲ. ಬಂದ ಮೊದಲ ದಿನವೇ ಅವಳು ನಡುಮನೆಯಲ್ಲಿ ನಿಂತು ಕೇಳಿದಳು:

“ಇದೇನ ಮನೀನೋ, ದವಾಖಾನೀನೋ? ಯಾಕ ಎಲ್ಲಾರೂ ಪಿಸಿಪಿಸಿ ಅಂತೀರಿ?”

“ಯವ್ವಾ, ಸ್ವಲ್ಪ ಸಾವಕಾಶ ಮಾತಾಡು,” ಅಂದ ಅಪ್ಪ. “ಕೆಳಗ ಮಾಲಕರು ಇರ್ತಾರ.”

“ಇರ್ಲೇಳು. ನಾ ಏನ್ ಅವ್ರನ್ನ ಬೈಯಾಕತ್ತೇನೇನು? ಏನ್ ಅವ್ರ ಹೆಸರು?”

“ಬ್ರಾಂಡೆಸ್.”

“ಬಂಡೆಪ್ಪ,” ಅಂದಳು ಆಯಿ, ಲೆಕ್ಕ ಸರಿಮಾಡಿದವಳ ಹಾಗೆ. ಅವತ್ತಿನಿಂದ ಅವರು ನಮ್ಮ ಮನೆಯೊಳಗೆ ಬಂಡೆಪ್ಪನೇ.

ದೊಡ್ಡ ಕಷ್ಟ ಬಂದದ್ದು ರೊಟ್ಟಿಯಿಂದ. ಹಿಟ್ಟನ್ನು ಕೊಣಮಿಗೆಯಲ್ಲಿ ನಾದಿ, ಹಲಗೆಯ ಮೇಲೆ ಎರಡೂ ಕೈಯಿಂದ ಬಡಿಯುವಾಗ ಆಗುವ ಸದ್ದು ಆ ಮನೆಯ ಮರದ ನೆಲದಲ್ಲಿ ಇಳಿದು ಕೆಳಗಿನವರ ತಲೆಯ ಮೇಲೇ ಬೀಳುವಂಥದು. ಧಾರವಾಡದ ಸಾವಕಾಶದ ಮನೆಯಿಂದ ಬಂದ ಅಮ್ಮ ಒಂದು ದಿನ ಧೈರ್ಯ ಮಾಡಿ ಹೇಳಿದಳು: “ಅತ್ತಿ, ಲಟ್ಟಣಿಗೀಲೆ ಲಟ್ಟಿಸಿದ್ರ ಆಗೂದಿಲ್ಲೇನ್ರಿ? ಸಪ್ಪಳ ಕೆಳಗ ಹೋಗ್ತದ.” ಆಯಿ ಕೈ ನಿಲ್ಲಿಸಲಿಲ್ಲ. “ಲಟ್ಟಿಸಿದ್ದು ಚಪಾತಿ ಆಕ್ಕೈತಿ, ರೊಟ್ಟಿ ಆಗಾಂಗಿಲ್ಲ.” ಕೊನೆಗೆ ಒಂದು ಒಪ್ಪಂದವಾಯಿತು. ಅಂಗಳದಲ್ಲಿ ಹೆರ್ ಬ್ರಾಂಡೆಸ್ ಟ್ರ್ಯಾಕ್ಟರ್ ಶುರು ಮಾಡುವುದನ್ನು ಅಮ್ಮ ಕಿಟಕಿಯಲ್ಲಿ ನಿಂತು ಕಾಯುವಳು. ಇಂಜಿನ್ನು ಗುಡುಗಿದ ಕೂಡಲೇ “ಹೂಂ, ಈಗ ಬಡೀರಿ” ಅನ್ನುವಳು. ಆಯಿ ತಪತಪನೆ ಶುರು ಮಾಡುವಳು. ಟ್ರ್ಯಾಕ್ಟರು ಗೇಟು ದಾಟುವುದರೊಳಗೆ ಎಷ್ಟು ಆದವೋ ಅಷ್ಟೇ ಆ ದಿನದ ರೊಟ್ಟಿ. ಅದು ಬೇಗ ಹೊರಟುಹೋದ ದಿನ ನಾವು ಅನ್ನ ಉಂಡೆವು. ಇದನ್ನು ಈಗ ಹೇಳಿದರೆ ನನ್ನ ಮಕ್ಕಳು ನಂಬುವುದಿಲ್ಲ. ಆಗ ನಮಗೆ ಅದರಲ್ಲಿ ನಗುವಂಥದ್ದು ಏನೂ ಕಂಡಿರಲಿಲ್ಲ.

ನನ್ನ ಕೋಣೆಯ ಕಿಟಕಿ ಆಯಿಗೂ ಇಷ್ಟದ ಜಾಗವಾಯಿತು. ಕೆಳಗೆ ಹರಡಿದ್ದುದು ರಾಪ್ಸ್ ಹೊಲ. ನಮ್ಮ ಸಾಸಿವೆಯ ನಂಟಸ್ತಿಕೆಯ ಎಣ್ಣೆಬೀಜದ ಬೆಳೆ ಅದು. ಬೇಸಿಗೆಯ ಕೊನೆಗೆ ಬಿತ್ತುತ್ತಾರೆ, ಶರತ್ಕಾಲಕ್ಕೆ ಅಂಗೈಯಗಲ ಎಲೆ ಬಿಟ್ಟು ನೆಲಕ್ಕಂಟಿ ಚಳಿಗಾಲ ಕಳೆಯುತ್ತದೆ. ಆ ಎಲೆ ಅಂದರೆ ಅಲ್ಲಿಯ ಕಾಡುಪಾರಿವಾಳಗಳಿಗೆ ಪ್ರಾಣ. ಕತ್ತಿನಲ್ಲಿ ಬಿಳಿ ಪಟ್ಟಿ, ರೆಕ್ಕೆಯಲ್ಲೂ ಬಿಳಿ ಪಟ್ಟಿ, ಮೈಯೋ ಗುಂಡಗೆ. “ಇವೇನ ಪಾರಿವಾಳಲೇ, ಕೋಳಿಯಂಗ ಅದಾವ,” ಅಂದಳು ಆಯಿ. ಹಿಂದಿನ ಚಳಿಗಾಲದಲ್ಲಿ ಅವು ಹೊಲದ ಅರ್ಧವನ್ನು ಕ್ಷೌರ ಮಾಡಿದ ಹಾಗೆ ಬೋಳಿಸಿದ್ದವು ಎಂದು ಹೆರ್ ಬ್ರಾಂಡೆಸ್ ಮೆಟ್ಟಿಲಲ್ಲಿ ಸಿಕ್ಕಾಗ ಅಪ್ಪನಿಗೆ ಹೇಳಿದ್ದರು. ಅದೇ ಉಸಿರಿನಲ್ಲಿ, ಸಕ್ಕರೆಗಡ್ಡೆ ಕಿತ್ತು ಮುಗಿಯಲಿ, ಆಮೇಲೆ ಮನೆಯ ವಿಷಯ ಮಾತಾಡೋಣ ಅಂದಿದ್ದರು. ಅಪ್ಪ ಅವತ್ತಿನಿಂದ ಸಕ್ಕರೆಗಡ್ಡೆಯ ಹೊಲದ ಕಡೆಗೇ ನೋಡುತ್ತಿದ್ದ. ಆಯಿ ನೋಡುತ್ತಿದ್ದುದು ರಾಪ್ಸ್ ಕಡೆಗೆ.

“ಈ ಹೊಲದ ಹಕ್ಕಿ ಯಾರು ಕಾಯ್ತಾರ?” ಅಂತ ಅವಳು ನನ್ನನ್ನು ಕೇಳಿದಳು.

ನಾನು ಜರ್ಮನಿನಲ್ಲಿ ಉತ್ತರ ಕೊಟ್ಟೆ, ಅಭ್ಯಾಸ. ಅಪ್ಪ ಅಮ್ಮನಿಗೆ ನಾನು ಹಾಗೇ ಉತ್ತರಿಸುತ್ತಿದ್ದೆ, ನಡೆದುಹೋಗುತ್ತಿತ್ತು. ಆಯಿ ನನ್ನ ಮುಖವನ್ನೇ ನೋಡುತ್ತ ಕೂತಳು, ಸರಿಯಾದ ಮಾತು ಬರುವವರೆಗೆ ಎದ್ದು ಹೋಗುವುದಿಲ್ಲ ಅನ್ನುವ ಹಾಗೆ. ಒಳಗೆಲ್ಲೋ ಇದ್ದ ಕನ್ನಡವನ್ನು ಹುಡುಕಿ ತೆಗೆದು, “ಯಾರೂ ಕಾಯೋದಿಲ್ಲ” ಅಂದೆ. ನನ್ನ ಕನ್ನಡ ಶುರುವಾದದ್ದು ಹೀಗೆ, ಆ ಕಿಟಕಿಯಲ್ಲಿ. ಅವಳು ಹೇಳುತ್ತಿದ್ದಳು, ನಾನು ಕೇಳುತ್ತಿದ್ದೆ. ಜೋಳದ ತೆನೆಗೆ ಹಾಲು ತುಂಬಿದ ಕೂಡಲೇ ಹೊಲದ ನಡುವೆ ಅಟ್ಟಣಿಗೆ ಕಟ್ಟುವುದು, ಬೆಳಕು ಹರಿಯುವ ಮುಂಚೆ ಹತ್ತಿ ಕೂರುವುದು, ಹಿಂಡು ಕಂಡೊಡನೆ ಕೂಗುವುದು, ಕೂಗಿಗೆ ಬಗ್ಗದಿದ್ದರೆ ಕವಣೆ ಬೀಸುವುದು. ಅವಳ ಕೂಗು ಪಕ್ಕದೂರಿನ ಸೀಮೆಗೂ ಕೇಳಿಸುತ್ತಿತ್ತಂತೆ. ಅದನ್ನು ಕೇಳಿಯೇ ನನ್ನ ಅಜ್ಜನ ತಾಯಿ, ‘ಈ ಹುಡುಗಿ ನಮ್ಮ ಹೊಲಕ್ಕ ಬೇಕು’ ಅಂತ ಮದುವೆಯ ಮಾತು ತೆಗೆದಳಂತೆ. ಹೇಳುತ್ತ ಹೇಳುತ್ತ ಅವಳು ಪಾರ್ಸೆಲ್ ಕಟ್ಟಿ ಬಂದಿದ್ದ ಸೆಣಬಿನ ಹುರಿಯನ್ನು ಹೆಣೆಯುತ್ತಿದ್ದಳು. ಹೆಣೆದು ಮುಗಿದಾಗ ಅದು ಕವಣೆಯಾಗಿತ್ತು. ಅಮ್ಮ ಅದನ್ನು ಹೂಕುಂಡ ತೂಗುಹಾಕುವ ಜೋಲಿ ಅಂತ ತಿಳಿದು ಮೆಚ್ಚಿಕೊಂಡಳು.

ಒಂದು ಶನಿವಾರ ಬೆಳಿಗ್ಗೆ ಅಪ್ಪ ಸಂತೆಗೆ ಹೋಗಿದ್ದ, ಅಮ್ಮ ಸ್ನಾನಕ್ಕೆ. ಕಿಟಕಿಯಿಂದ ನೋಡಿದರೆ ರಾಪ್ಸ್ ಹೊಲದ ಒಳಗೇ, ಬದುವಿಗೆ ಸ್ವಲ್ಪ ದೂರದಲ್ಲಿ, ಪಾರಿವಾಳಗಳು ಸಾಲಾಗಿ ಕೂತಿವೆ. ಆಯಿಗೆ ಇನ್ನು ತಡೆಯಲಾಗಲಿಲ್ಲ. ಸೀರೆಯ ಮೇಲೆ ಅಪ್ಪನ ಜಾಕೆಟ್ ಹಾಕಿಕೊಂಡು, ಕಾಲಿಗೆ ಅಮ್ಮನ ಬೂಟು ಏರಿಸಿ, ನನ್ನ ಕೈ ಹಿಡಿದು ಹೊರಟಳು. ಹೊಲದ ಮೂಲೆಗೆ ಬಂದಾಗ ಅವಳ ಮುಖ ಅರಳಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಲ್ಲಿ ಕಂಬಗಳ ಮೇಲೆ ಹಲಗೆಯ ಗೂಡು, ಹತ್ತಲು ಏಣಿ. ಬೇಟೆಯವರು ಕಾಡುಹಂದಿ, ಜಿಂಕೆ ಕಾಯುತ್ತ ಕೂರುವ ಜಾಗ ಅದು, ಹೋಖ್‌ಜಿಟ್ಸ್ ಅನ್ನುತ್ತಾರೆ. ಆಯಿಗೆ ಅದು ಬೇರೆ ಏನಾಗಿ ಕಾಣಬೇಕು?

“ನೋಡ್ ನೋಡು,” ಅಂದಳು. “ಅಟ್ಟಣಿಗಿ ಕಟ್ಟಿಟ್ಟಾರ. ಕೂಡಾಕ ಮಂದಿ ಇಲ್ಲ, ಅಷ್ಟ.”

ಏಣಿ ಹತ್ತಿದೆವು. ನಾನು ಮುಂದೆ, ಅವಳು ಸೆರಗು ಕಚ್ಚಿಕೊಂಡು ಹಿಂದೆ. ಮೇಲೆ ನಿಂತು ಅವಳು ಒಮ್ಮೆ ಹೊಲವನ್ನೆಲ್ಲ ಕಣ್ಣಲ್ಲಿ ಅಳೆದಳು. ಆ ಹೊತ್ತಿಗೆ ಸರಿಯಾಗಿ ದೂರದ ಮರಗಳ ಕಡೆಯಿಂದ ಒಂದು ದೊಡ್ಡ ಹಿಂಡು ಎದ್ದು, ಗಾಳಿಗೆ ಎದುರಾಗಿ, ಕೂತ ಪಾರಿವಾಳಗಳ ಕಡೆಗೆ ಇಳಿಯುತ್ತ ಬಂತು. ಆಯಿ ಎದೆ ತುಂಬ ಉಸಿರೆಳೆದು ಕೂಗಿದಳು. ಹುಯ್ಯೋ ಅಂತ ಶುರುವಾಗಿ ಹೋ ಹೋ ಅಂತ ಏರುವ ಕೂಗು. ನನ್ನ ಪಕ್ಕದ ಹಲಗೆ ಅದುರಿತು. ಇಳಿಯುತ್ತಿದ್ದ ಹಿಂಡು ಗಾಳಿಯಲ್ಲೇ ಮುರಿದು, ರೆಕ್ಕೆ ಚಟಪಟ ಬಡಿದು, ಬಂದ ದಾರಿಗೆ ತಿರುಗಿತು. ಆದರೆ ನೆಲದಲ್ಲಿ ಕೂತಿದ್ದವು ಅಲುಗಲಿಲ್ಲ. ಆಯಿ ಮತ್ತೊಮ್ಮೆ ಕೂಗಿದಳು. ಊಹೂಂ. ಇದು ಅವಳಿಗೆ ಅವಮಾನ.

“ಎಂಥಾ ಭಂಡ ಹಕ್ಕಿ ಅದಾವ ಈ ದೇಶದಾಗ,” ಅಂದಳು. ಬರುವ ದಾರಿಯಲ್ಲಿ ಜಾಕೆಟಿನ ಜೇಬಿಗೆ ಹಾಕಿಕೊಂಡಿದ್ದ ಮಣ್ಣಿನ ಹೆಂಟೆಯೊಂದನ್ನು ತೆಗೆದು ಕವಣೆಗಿಟ್ಟಳು. ಎರಡು ಸುತ್ತು ಬೀಸಿ ಬಿಟ್ಟಳು. ಗುರಿ ಇನ್ನೂ ಕೈಯಲ್ಲಿತ್ತು. ಹೆಂಟೆ ನೇರ ಹೋಗಿ ಒಂದು ಪಾರಿವಾಳಕ್ಕೆ ಬಡಿಯಿತು. ಅದು ಹಾರಲಿಲ್ಲ, ಸಾಯಲೂ ಇಲ್ಲ. ಟೊಕ್ ಅಂತ ಮಗುಚಿ ಬಿದ್ದು, ಹೊಟ್ಟೆಯಿಂದ ಒಂದು ಕಬ್ಬಿಣದ ಕಡ್ಡಿಯನ್ನು ಆಕಾಶಕ್ಕೆ ತೋರಿಸಿತು. ನಾನೂ ಆಯಿಯೂ ಅದನ್ನೇ ನೋಡುತ್ತಿದ್ದಾಗ, ಬದುವಿನಲ್ಲಿ ಸೊಪ್ಪಿನ ಗುಡ್ಡೆ ಅಂತ ನಾವು ತಿಳಿದಿದ್ದುದು ಎದ್ದು ನಿಂತಿತು. ಹಸಿರು ಬಲೆ ಸರಿಸಿ ಹೊರಬಂದವರು ಹೆರ್ ಬ್ರಾಂಡೆಸ್. ಬಂದೂಕವನ್ನು ನಡುವಿಗೆ ಮಡಚಿ ತೋಳಿನ ಮೇಲೆ ಹಾಕಿಕೊಂಡಿದ್ದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬೈಯುತ್ತಾರೆ ಅಂತ ಕಾದೆ. ಅವರು ಬೈಯಲಿಲ್ಲ.

“ಇಳೀರಿ,” ಅಂದರು ಮೆಲ್ಲಗೆ. “ಮನೆಗೆ ಹೋಗಿ.”

ಅಷ್ಟೇ. ನಾವು ಇಳಿದು ಹೋಗುವವರೆಗೂ ಅವರು ನಿಂತಲ್ಲೇ ನಿಂತಿದ್ದರು. ಆಮೇಲೆ ಬಗ್ಗಿ ಒಂದೊಂದೇ ಪ್ಲಾಸ್ಟಿಕ್ ಪಾರಿವಾಳವನ್ನು ಕಿತ್ತು ಗೋಣಿಚೀಲಕ್ಕೆ ತುಂಬತೊಡಗಿದರು.

ಅಪ್ಪ ಸಂತೆಯಿಂದ ಬಂದು ವಿಷಯ ಕೇಳಿ, ತರಕಾರಿಯ ಚೀಲವನ್ನು ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಕೂತುಬಿಟ್ಟ. “ಮನಿ ಹೋತು,” ಅಂದ. ಅಮ್ಮ ಒಗೆದ ಬಟ್ಟೆಯನ್ನು ಮತ್ತೆ ಮತ್ತೆ ಮಡಚುತ್ತಿದ್ದಳು. ನಾನು ಮುಂದಿನದನ್ನು ಲೆಕ್ಕ ಹಾಕಿದೆ. ಮತ್ತೆ ಫೋನು, ಮತ್ತೆ ಹೆಸರು, ಬೇರೆ ಶಾಲೆ, ಹೊಲ ಕಾಣದ ಕಿಟಕಿ. ಆಯಿಗೆ ಮಾತ್ರ ತಿಳಿಯಬೇಕಾದದ್ದು ಬೇರೆ ಇತ್ತು. ಪ್ಲಾಸ್ಟಿಕ್ ಹಕ್ಕಿ ಕೂರಿಸಿ, ಅವನ್ನು ನೋಡಿ ನಿಜದ ಹಕ್ಕಿ ಇಳಿಯಲಿ ಅಂತ ಬಲೆಯೊಳಗೆ ಅಡಗಿ ಕೂರುವುದು ಇಲ್ಲಿಯ ಬೇಟೆಯ ರೀತಿ ಎಂದು ಅಪ್ಪ ವಿವರಿಸಿದ.

“ಅಂದ್ರ, ತನ್ನ ಬೆಳಿಗೆ ತಾನ ಹಕ್ಕಿ ಕರೀತಾನ?”

“ಹೂಂ ಯವ್ವಾ. ಇಳಿದ್ರನ ಹೊಡೀಲಿಕ್ಕೆ ಬರ್ತೈತಿ.”

ಆಯಿ ನಕ್ಕಳು. ಆ ಮನೆಯಲ್ಲಿ ಅಷ್ಟು ದೊಡ್ಡ ನಗೆ ಅದೇ ಮೊದಲು. ಕಣ್ಣು ಒರೆಸಿಕೊಂಡು ನಗುತ್ತಿದ್ದಾಗಲೇ ಬಾಗಿಲು ಬಡಿದ ಸದ್ದಾಯಿತು. ಫ್ರಾವ್ ಬ್ರಾಂಡೆಸ್, ಕೆಳಗಿನ ಮನೆಯಾಕೆ. ನಾವೆಲ್ಲ ನಿಂತೆವು. ಅವರು ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತು, ಗಂಡ ಕೊಟ್ಟಿಗೆಯಲ್ಲಿ ಕೂತಿದ್ದಾರೆ, ಕಾಫಿ ಕುಡಿಯುತ್ತಿಲ್ಲ ಅಂದರು. ಹಿಂಡು ಬರುವಾಗ ಅವರು ಬಂದೂಕ ಎತ್ತಿ ಅದರ ಜೊತೆಗೇ ತಿರುಗಿಸುತ್ತಿದ್ದರಂತೆ. ಕೂಗು ಕೇಳಿ ಹಿಂಡು ತಿರುಗಿತು, ಬಂದೂಕವೂ ತಿರುಗಿತು. ಅದರ ತುದಿಯಲ್ಲಿ ಒಂದು ಸೀರೆ ಕಂಡಿತು. ಬೆರಳು ಅಲ್ಲೇ ನಿಂತಿತು.

ನಾನು ಇದನ್ನು ಕನ್ನಡಕ್ಕೆ ತಂದೆ. ನಡುವೆ ಒಂದೆರಡು ಮಾತು ಸಿಗದೆ ಕೈಯಿಂದ ತೋರಿಸಿದೆ. ಆಯಿಯ ನಗು ನಿಂತಿತು. ಸೆರಗು ಸರಿಮಾಡಿಕೊಂಡು ಎದ್ದಳು.

“ನಡಿ, ಕೆಳಗ ಹೋಗೂಣು.”

“ಅತ್ತಿ, ಬರೀ ಕೈಲೆ ಬ್ಯಾಡ್ರಿ. ಉಂಡಿ ಆದ್ರೂ ಒಯ್ಯಿರಿ,” ಅಂತ ಅಮ್ಮ ಡಬ್ಬಿ ತೆಗೆದಳು.

“ಮೊದ್ಲ ಮಾತು. ತಿನಿಸು ಆಮ್ಯಾಲ.”

ಕೊಟ್ಟಿಗೆಯಲ್ಲಿ ಈಗ ದನಗಳಿರಲಿಲ್ಲ, ಯಂತ್ರಗಳಿದ್ದವು. ಹೆರ್ ಬ್ರಾಂಡೆಸ್ ಬೋರಲು ಹಾಕಿದ ಕ್ರೇಟಿನ ಮೇಲೆ ಕೂತು ಪ್ಲಾಸ್ಟಿಕ್ ಪಾರಿವಾಳಗಳ ಮಣ್ಣು ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು. ಆಯಿ ಇನ್ನೊಂದು ಕ್ರೇಟು ಎಳೆದುಕೊಂಡು ಎದುರಿಗೆ ಕೂತಳು. ನಾನು ನಡುವೆ. ಅಪ್ಪ ಬಾಗಿಲಲ್ಲಿ ನಿಂತು, ಏನು ಹೇಳಬೇಕು ಅಂತ ನನಗೆ ಪಿಸುಗುಡುತ್ತಿದ್ದ. ಆಯಿ ಕೈಯೆತ್ತಿ ಅವನನ್ನು ಸುಮ್ಮನಾಗಿಸಿದಳು.

“ಕೇಳು ಅವಂಗ,” ಅಂದಳು ನನಗೆ. “ನಾ ಅಟ್ಟಣಿಗಿ ನೋಡಿದೆ. ಬೆಳ್ಯಾಗ ಹಕ್ಕಿ ನೋಡಿದೆ. ಮತ್ತೇನು ಮಾಡಬೇಕಿತ್ತು?”

ಅವರು ಒರೆಸುತ್ತಲೇ ಹೇಳಿದರು: “ಅದು ಹಂದಿ ಕಾಯೋ ಜಾಗ. ಪಾರಿವಾಳಕ್ಕೆ ಕೂಗ್ತಾರೆ ಅಂತ ನಾನು ಕೇಳೇ ಇಲ್ಲ. ಕೂಗಿದರೆ ಏನು ಪ್ರಯೋಜನ? ನಾನು ಬೆನ್ನು ತಿರುಗಿಸೋದರೊಳಗೆ ವಾಪಸ್ ಬಂದಿರ್ತಾವೆ.”

“ಮತ್ತ ಕೂಗಬೇಕು.”

“ಮತ್ತೆ ಬರ್ತಾವೆ.”

“ಮತ್ತ ಕೂಗಬೇಕು. ಅದಕ್ಕ ಹಕ್ಕಿ ಕಾಯೂದು ಅಂತಾರ. ಹಕ್ಕಿ ಹೆದರಸೂದು ಅನ್ನಾಂಗಿಲ್ಲ.”

“ಅಷ್ಟು ಹೊತ್ತು ಯಾರಿಗಿದೆ?” ಅಂದರು ಹೆರ್ ಬ್ರಾಂಡೆಸ್.

“ನನಗೈತಿ,” ಅಂದಳು ಆಯಿ.

ಅವರು ಮೊದಲ ಬಾರಿಗೆ ತಲೆಯೆತ್ತಿ ಅವಳನ್ನು ಸರಿಯಾಗಿ ನೋಡಿದರು. ಏನೋ ಹೇಳಲು ಹೋಗಿ, “ನಾನು ಇವತ್ತು ನಿಮ್ಮನ್ನು” ಎನ್ನುವಲ್ಲಿಗೆ ನಿಲ್ಲಿಸಿದರು. ಮುಂದಿನದನ್ನು ನಾನು ಕನ್ನಡ ಮಾಡಬೇಕಾಗಲಿಲ್ಲ. ಆಯಿ ಎದ್ದು, ಎರಡೂ ಅಂಗೈಯನ್ನು ಅವರ ಮುಖದ ಮುಂದೆ ಮೇಲಿಂದ ಕೆಳಗೆ ಇಳಿಸಿ, ತನ್ನ ಕಪಾಲಕ್ಕೊತ್ತಿ ಲಟಲಟನೆ ನೆಟಿಗೆ ಮುರಿದಳು. ಹುಷಾರಿಲ್ಲದ ಮಕ್ಕಳಿಗೆ ಮಾಡುವ ಹಾಗೆ. “ಅಂಜಬ್ಯಾಡಪಾ ಬಂಡೆಪ್ಪ. ನಾ ಇಲ್ಲೇ ಅದೀನಿ.” ಅಷ್ಟು ದೊಡ್ಡ ಮನುಷ್ಯ ಅಲುಗಾಡದೆ ಕೂತಿದ್ದರು. ಆಮೇಲೆ ಅವರು ನನ್ನ ಕಡೆ ತಿರುಗಿ, ಬೆರಳಿನಿಂದ ಆ ಸದ್ದು ಹೇಗೆ ಬಂತು ಅಂತ ಕೇಳಿದರು. ಮನೆಯ ವಿಷಯ ಎತ್ತಲಿಲ್ಲ. ಅಪ್ಪನಿಗೆ ಕೇಳುವ ಧೈರ್ಯ ಬರಲಿಲ್ಲ.

ಸೋಮವಾರದಿಂದ ಆಯಿ ಕೆಲಸಕ್ಕೆ ಇಳಿದಳು. ಅಟ್ಟಣಿಗೆಯ ಏಣಿ ಲಡ್ಡಾಗಿದೆ, ಹತ್ತಕೂಡದು ಅಂತ ಹೆರ್ ಬ್ರಾಂಡೆಸರ ಅಪ್ಪಣೆಯಾಗಿತ್ತು. ಹಾಗಾಗಿ ಬದುವಿನ ಮೇಲೇ ತಿರುಗಾಟ. ಫ್ರಾವ್ ಬ್ರಾಂಡೆಸ್ ಆಯಿಗೂ ನನಗೂ ಕಿತ್ತಳೆ ಬಣ್ಣದ ಮಿರುಗುವ ಅಂಗಿ ತೊಡಿಸಿದರು, ದೂರದಿಂದ ಕಾಣಲಿ ಅಂತ. ಇಳಕಲ್ ಸೀರೆಯ ಮೇಲೆ ಆ ಅಂಗಿ ಹಾಕಿಕೊಂಡು ಕವಣೆ ಹಿಡಿದ ಆಯಿಯನ್ನು ನೋಡಲು ಶಾಲೆಯ ಬಸ್ಸು ನಿಧಾನ ಮಾಡುತ್ತಿತ್ತು. ಬಸ್ಸು ಹತ್ತುವ ಮುಂಚೆ ನಾನೂ ಅವಳ ಜೊತೆ. ಮೊದಲ ದಿನ ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ.

“ಇದೇನವಾ, ಹಕ್ಕಿಗೆ ಜೋಗುಳಾ ಹಾಡಾಕತ್ತೀಯೇನು?” ಅಂದಳು ಆಯಿ. “ಹೊಟ್ಟಿಲಿಂದ ಕೂಗು. ಗಂಟ್ಲಾಗ ಏನೈತಿ?”

ಎಷ್ಟೋ ಬೆಳಗುಗಳ ಮೇಲೆ ಒಂದು ದಿನ ಅದು ಬಂತು. ಮಂಜು ಎದ್ದಿತ್ತು, ಹಿಂಡು ಇಳಿಯುತ್ತಿತ್ತು, ಆಯಿ ದೂರದ ಮೂಲೆಯಲ್ಲಿದ್ದಳು. ನಾನು ಬಾಯಿ ತೆರೆದೆ, ಎಲ್ಲಿತ್ತೋ ಅದು, ಹೊರಗೆ ಬಂತು. ದೂರದ ಕಣಜದ ಗೋಡೆಗೆ ಬಡಿದು ವಾಪಸ್ ಬಂದದ್ದು ನನ್ನ ದನಿಯೇ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹಕ್ಕಿಗಳಿಗೆ ಮಾತ್ರ ಕೂಡಲೇ ಗೊತ್ತಾಯಿತು. ತಿರುಗಿ ನೋಡಿದರೆ ಮೇಲಿನ ಕಿಟಕಿಯ ಹತ್ತಿರ ಅಮ್ಮ ನಿಂತಿದ್ದಳು, ಬೆರಳು ತುಟಿಯ ಮೇಲಿಟ್ಟು. ಸುಮ್ಮನಿರು ಅಂತಲೋ, ಆಶ್ಚರ್ಯಕ್ಕೋ ಅನ್ನುವುದನ್ನು ನಾನು ಅವಳನ್ನು ಇವತ್ತಿನವರೆಗೂ ಕೇಳಿಲ್ಲ.

ಆದರೆ ಹೆರ್ ಬ್ರಾಂಡೆಸ್ ಹೇಳಿದ್ದೂ ನಿಜವಾಯಿತು. ಹಕ್ಕಿಗಳು ಕೂಗಿಗೆ ಒಗ್ಗಿಕೊಂಡವು. ಎದ್ದ ಹಾಗೆ ಮಾಡಿ ನಾಲ್ಕು ಮಾರು ಆಚೆ ಕೂರುತ್ತಿದ್ದವು. ಆಯಿಯ ಗಂಟಲು ಕಟ್ಟಿತು, ಬಿಸಿನೀರಿಗೆ ಅರಿಶಿನ ಹಾಕಿ ಕುಡಿಯುತ್ತ, “ಅವ ಹೇಳಿದ್ದು ಖರೇ ಐತಿ. ಇಲ್ಲಿ ಹಕ್ಕಿಗೆ ಹೋಗಾಕ ಬ್ಯಾರೆ ಹೊಲಾ ಕಾಣವಲ್ದು” ಅಂದಳು. ಅವತ್ತು ಸಂಜೆ ಹೆರ್ ಬ್ರಾಂಡೆಸ್ ನಮ್ಮನ್ನು ರಸ್ತೆಯಾಚೆ ಕರೆದೊಯ್ದರು. ಗೋವಿನಜೋಳ ಕೊಯ್ದ ಹೊಲ, ಬರೀ ಕೂಳೆ, ನಡುನಡುವೆ ಉದುರಿದ ಕಾಳು. ಇಲ್ಲಿ ಪಾರಿವಾಳ ಎಷ್ಟು ತಿಂದರೂ ಯಾರಿಗೂ ನಷ್ಟವಿಲ್ಲ. ಅವರು ಕೈಯಲ್ಲಿ ತೋರಿಸಿ ಹೇಳಿದರು: ನೀವು ಅಲ್ಲಿಂದ ಎಬ್ಬಿಸಿ, ನಾನು ಇಲ್ಲಿ ಪ್ಲಾಸ್ಟಿಕ್ ಹಕ್ಕಿ ಕೂರಿಸ್ತೀನಿ. ನಿಮ್ಮ ಕಡೆಗೆ ಬೆನ್ನು ಹಾಕೇ ಕೂರ್ತೀನಿ, ಆ ದಿಣ್ಣೆಯ ಕಡೆಗೆ ಮಾತ್ರ ಹೊಡೀತೀನಿ. ಆಯಿ ತಲೆಯಾಡಿಸಲಿಲ್ಲ, ಕೂಳೆಯನ್ನೇ ನೋಡುತ್ತ ನಿಂತಳು.

“ಹೊಡದದ್ದು ಏನ್ಮಾಡ್ತಾನ ಕೇಳು.”

“ತಿಂತೀವಿ,” ಅಂದರು ಅವರು. “ಒಂದನ್ನೂ ಬಿಸಾಕೋದಿಲ್ಲ. ಭಾನುವಾರ ಮಾತ್ರ ಹೊಡೆಯೋದಿಲ್ಲ.”

“ಸೋಮಾರನೂ ಬ್ಯಾಡ ಅನ್ನು. ನಮ್ಮಲ್ಲಿ ಸೋಮಾರ ಎತ್ತಿನ ಹೆಗಲಿಗೆ ನೊಗ ಇಡಾಂಗಿಲ್ಲ. ಅವನ ಹೆಗಲಿಗೂ ಒಂದಿನ ಬಿಡುವು ಇರ್ಲಿ.”

ಅವರು ತಮ್ಮ ಬಲಭುಜವನ್ನು ಒಮ್ಮೆ ಉಜ್ಜಿಕೊಂಡು, ಸೋಮವಾರವೂ ಇಲ್ಲ ಅಂತ ಒಪ್ಪಿದರು.

ಆ ರಾತ್ರಿ ಊಟಕ್ಕೆ ಕೂತಾಗ ಅಮ್ಮ ತಟ್ಟೆ ನೋಡುತ್ತ ಕೇಳಿದಳು: “ಅತ್ತಿ, ನೀವು ಎಬ್ಬಿಸಿದ ಹಕ್ಕೀನ ಅವರು ಹೊಡೀತಾರಲ್ರಿ. ಪಾಪ ನಮಗ ತಟ್ಟೂದಿಲ್ಲೇನು?” ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಬರುತ್ತಿರಲಿಲ್ಲ. ಆಯಿ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದಳು.

“ತಟ್ಟತೈತಿ,” ಅಂದಳು. “ಅದಕ್ಕ ಸೋಮಾರ ಬೇಡ್ಕೊಂಡೀನಿ. ಪೂರಾ ಬಿಡು ಅನ್ನಾಕ ಹೊಲ ನನ್ನದಲ್ಲ.”

ಅಮ್ಮ ಒಪ್ಪಿದಳೋ ಇಲ್ಲವೋ ತಿಳಿಯದು. ಸೋಮವಾರ ಬೆಳಿಗ್ಗೆ ಮಾತ್ರ ಅವಳೂ ಕೋಟು ಹಾಕಿಕೊಂಡು ಬದುವಿಗೆ ಬಂದು ನಮ್ಮ ಜೊತೆ ನಿಂತಳು. ಕೂಗಲಿಲ್ಲ, ಚಪ್ಪಾಳೆ ತಟ್ಟಿದಳು. ಉಳಿದ ದಿನ ಕೂಳೆಯ ಕಡೆಯಿಂದ ಸದ್ದು ಕೇಳಿದಾಗ ಅವಳು ಕಿಟಕಿ ಮುಚ್ಚುತ್ತಿದ್ದಳು, ನಾನು ಕಿವಿ ಮುಚ್ಚುತ್ತಿದ್ದೆ, ಆಯಿ ಏನೂ ಮುಚ್ಚುತ್ತಿರಲಿಲ್ಲ. ಕೆಲವು ವಾರಗಳಲ್ಲಿ ಹಿಂಡುಗಳಿಗೆ ದಾರಿ ಅರ್ಥವಾಯಿತು: ರಾಪ್ಸ್ ಮೇಲೆ ಕೂಗು, ಕೂಳೆಯಲ್ಲಿ ಬಂದೂಕ, ಇಳಿಯುವುದಾದರೆ ದೂರದ ಹುಲ್ಲುಗಾವಲೇ ವಾಸಿ. ಹೊಲ ಹಸಿರಾಗಿ ಉಳಿಯಿತು. ಯಾರ ವಿದ್ಯೆಯಿಂದ ಅಂತ ಆಯಿಯೂ ಹೇಳಲಿಲ್ಲ, ಬಂಡೆಪ್ಪನೂ ಹೇಳಲಿಲ್ಲ.

ಅಷ್ಟರಲ್ಲಿ ಸಕ್ಕರೆಗಡ್ಡೆ ಕಿತ್ತು ಮುಗಿಯಿತು. ರಸ್ತೆಯ ಪಕ್ಕ ಬೆಟ್ಟದ ಹಾಗೆ ಬಿದ್ದಿದ್ದ ರಾಶಿಯನ್ನು ಲಾರಿಗಳು ಬಂದು ಹೊತ್ತುಕೊಂಡು ಹೋದವು. ಅಪ್ಪ ಸಂಜೆ ಬೇಗ ಬರತೊಡಗಿದ. ಮೆಟ್ಟಿಲಲ್ಲಿ ಹೆಜ್ಜೆಯ ಸದ್ದಾದರೆ ಮೂವರೂ ಉಸಿರು ಹಿಡಿಯುತ್ತಿದ್ದೆವು. ಹೆರ್ ಬ್ರಾಂಡೆಸ್ ಮೇಲೆ ಬರಲೇ ಇಲ್ಲ. ಕರೆಯಲೂ ಇಲ್ಲ. ಅಪ್ಪ ಅಮ್ಮ ಪೇಪರಿನಲ್ಲಿ ಬೇರೆ ಮನೆಗಳ ಜಾಹೀರಾತು ನೋಡುತ್ತಿದ್ದರು. ನಾವೇ ಕೇಳಿದರೆ ಇಲ್ಲ ಅನ್ನಲು ಅವಕಾಶ ಕೊಟ್ಟ ಹಾಗಾಗುತ್ತದೆ ಅಂತ ಅಪ್ಪ; ಕೇಳದಿದ್ದರೆ ಹೋಗುವವರೇ ಇರಬೇಕು ಅಂತ ಅವರು ತಿಳಿದಾರು ಅಂತ ಅಮ್ಮ. ಆಯಿ ಊರಿಗೆ ಹೊರಡುವ ದಿನ ಹತ್ತಿರ ಬರುತ್ತಿತ್ತು. ಅವಳು ಹೋಗುವುದು ಗೊತ್ತಿದ್ದದ್ದೇ. ನಾವೂ ಹೋಗಬೇಕೋ ಏನೋ ಅನ್ನುವುದು ಗೊತ್ತಿರಲಿಲ್ಲ.

ಅವಳು ಹೊರಡುವ ಹಿಂದಿನ ಶನಿವಾರ ನಾವಿಬ್ಬರೂ ಕೊನೆಯ ಸಲ ಹಕ್ಕಿ ಕಾಯಲು ಹೊರಟೆವು. ಹೊಲದ ಮೂಲೆಯಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಹಳೆಯ ಏಣಿ ನೆಲದಲ್ಲಿ ಬಿದ್ದಿತ್ತು. ಅಟ್ಟಣಿಗೆಗೆ ಹೊಸ ಮರದ ಏಣಿ ಒರಗಿತ್ತು, ಒಂದು ಕಡೆ ಹಿಡಿದುಕೊಳ್ಳಲು ಕೈಗಂಬಿ. ಹೆರ್ ಬ್ರಾಂಡೆಸ್ ಬಾಯಲ್ಲಿ ಮೊಳೆ ಕಚ್ಚಿಕೊಂಡು, ಮೆಟ್ಟಿಲು ಮೆಟ್ಟಿಲಿನ ನಡುವೆ ಇನ್ನೊಂದೊಂದು ಪಟ್ಟಿ ಬಡಿಯುತ್ತಿದ್ದರು. ತಮ್ಮ ಉದ್ದ ಕಾಲಿಗೆ ಅವರಿಗೆ ಅದು ಬೇಕಿರಲಿಲ್ಲ. ನಾನು ಅದನ್ನು ನೋಡಿದೆ, ಅವರನ್ನು ನೋಡಿದೆ. ಇಷ್ಟು ತಿಂಗಳು ಮನೆಯಲ್ಲಿ ಎಲ್ಲರೂ ಗೋಡೆಗೂ ಕೇಳಿಸದ ಹಾಗೆ ಆಡಿಕೊಳ್ಳುತ್ತಿದ್ದ ಮಾತು ನನ್ನ ಬಾಯಿಂದ ಹೊರಟಿತು, ಹಕ್ಕಿ ಓಡಿಸುವ ದನಿಯಲ್ಲೇ:

“ಹೆರ್ ಬ್ರಾಂಡೆಸ್, ನಾವು ಈ ಮನೆಯಲ್ಲೇ ಇರ್ತೀವಾ?”

ಹತ್ತಿರದ ಮರದಿಂದ ಪಾರಿವಾಳಗಳು ದಡಬಡ ಎದ್ದು ಹೋದವು. ಅವರು ಬಾಯಿಂದ ಮೊಳೆಗಳನ್ನು ತೆಗೆದು ಅಂಗೈಗೆ ಹಾಕಿಕೊಂಡರು.

“ನಿನ್ನ ಅಜ್ಜಿ ಮುಂದಿನ ಶರತ್ಕಾಲಕ್ಕೂ ಬರ್ತಾರಲ್ಲ?”

“ಬರ್ತಾರೆ.”

“ನೀವು ಬೇರೆ ಕಡೆ ಹೋದರೆ ಅವರು ಬಂದು ಇಳಿಯೋದು ಎಲ್ಲಿ?” ಅಂದರು. ನಾನೇ ಏನೋ ದಡ್ಡ ಪ್ರಶ್ನೆ ಕೇಳಿದ ಹಾಗೆ. ಮತ್ತೆ ಮೊಳೆ ಕಚ್ಚಿಕೊಂಡು ಸುತ್ತಿಗೆ ಎತ್ತಿದರು.

“ಏನಂತಾನ ಬಂಡೆಪ್ಪ?” ಅಂತ ಆಯಿ ಕೇಳಿದಳು.

ಹೇಳಿದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಏಣಿಯ ಹತ್ತಿರ ಹೋಗಿ, ಒಂದೊಂದೇ ಪಟ್ಟಿಯನ್ನು ಕೈಯಿಂದ ಅಲುಗಾಡಿಸಿ ನೋಡಿದಳು.

“ಮ್ಯಾಲಿನ ಮೆಟ್ಟಿಲಿಗೂ ಒಂದು ಪಟ್ಟಿ ಬಡಿ ಅನ್ನು,” ಅಂದಳು. “ನಿಮ್ಮವ್ವನ ಕಾಲು ನನ್ನಕಿಂತ ಗಿಡ್ಡ ಅದಾವ.”